ವೀರವೆ, ರೌದ್ರವೆ? ಶಂಕರ್ ನಾಗ್ ಅವರ ಹೊಡೆದಾಟಗಳನ್ನು ಕುರಿತು

ದಾವಣಗೆರೆಯಿಂದ ಹರಿಹರಕ್ಕೆ 14 ಕಿಲೋಮೀಟರು. ಹರಿಹರದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನಾನು ವಾರಕ್ಕೆ ಆರು ದಿನ ಆ ದಾರಿಯನ್ನು ಸವೆಸುತ್ತೇನೆ. ಮನೆಯಿಂದ ಬಸ್ ನಿಲ್ದಾಣದವರೆಗೆ ಆಟೋ. ಮುಂದೆ ಓಡುವ ಆಟೋದ ಬೆನ್ನಮೇಲೆ ಹೆಚ್ಚುಕಡಮೆ ದಿನವೂ ಅದೇ ಮುಖ: ಕುರುಚಲು ಗಡ್ಡ, ಕೆದರಿದ ಕೂದಲು, ಏನೋ ತುಂಟತನ ಮಾಡಿ ಸಿಕ್ಕಿಬಿದ್ದವನಂಥ ನಗೆ. ಒಮ್ಮೊಮ್ಮೆ ಕೆಳಗೆ ‘ಕರಾಟೆ ಕಿಂಗ್’ ಎಂಬ ಬಿರುದು. ಆ ಆಟೋಗಳನ್ನು ಓಡಿಸುವ ಹುಡುಗರಲ್ಲಿ ಬಹುಮಂದಿ ಶಂಕರ್ ನಾಗ್ ತೀರಿಕೊಂಡ ಮೇಲೆ ಹುಟ್ಟಿದವರು.

ವಿದ್ಯಾವಂತರೆನಿಸಿಕೊಂಡ ನಾವು ಈ ನಟನನ್ನು ಎರಡು ಪಾಲು ಮಾಡಿ ಹಂಚಿಕೊಂಡುಬಿಟ್ಟಿದ್ದೇವೆ. ‘ಒಂದಾನೊಂದು ಕಾಲದಲ್ಲಿ’ ನಮ್ಮದು, ‘ಮಾಲ್ಗುಡಿ ಡೇಸ್’ ನಮ್ಮದು, ರಂಗಭೂಮಿಯ ಕೆಲಸವೆಲ್ಲ ನಮ್ಮದು, ಕರಾಟೆ ಆಟೋದವರದು. ಜಾಣನೊಬ್ಬ ಹೊಟ್ಟೆಪಾಡಿಗಾಗಿ ಒದೆದಾಡಿದ ಎಂಬ ಕನಿಕರದ ಮಾತನ್ನೂ ಸೇರಿಸುತ್ತೇವೆ. ನಾನೂ ತರಗತಿಯಲ್ಲಿ ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ಬಂದವನು. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಗಂಡುಗಲಿ ಕತ್ತಿ ಹಿಡಿದರೆ ಕಲೆ, ಅದೇ ಮನುಷ್ಯ ಬರಿಗೈ ಎತ್ತಿದರೆ ಅಗ್ಗವೆ?” ಎಂದು ಕೇಳಿದ. ಗಂಟೆ ಬಾರಿಸಿದ್ದರಿಂದ ಮಾನ ಉಳಿಯಿತು. ಆ ಪ್ರಶ್ನೆಗೆ ತಡವಾಗಿ ಬರೆಯುತ್ತಿರುವ ಉತ್ತರವಿದು.

ಗಂಡುಗಲಿ ಎಂದರೆ ಗಿರೀಶ್ ಕಾರ್ನಾಡರು 1978ರಲ್ಲಿ ನಿರ್ದೇಶಿಸಿದ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಬಾಡಿಗೆ ಸೈನಿಕ. ಹೊನ್ನಾವರದ ಕಡೆಯ ತರುಣ, ಮುಂಬಯಿಯಲ್ಲಿ ಬ್ಯಾಂಕಿನ ಕೆಲಸ ಮಾಡಿಕೊಂಡು ಮರಾಠಿ ನಾಟಕದ ಗೀಳು ಹಚ್ಚಿಕೊಂಡಿದ್ದವನು, ಅನಂತ್ ನಾಗ್ ಅವರ ತಮ್ಮ: ಕನ್ನಡಿಗರಿಗೆ ಅಂದು ಇಷ್ಟೇ ಪರಿಚಯ. ಚಿತ್ರ ಹೊಯ್ಸಳರ ಕಾಲದ್ದು. ಹಿಂದೆ ಜಪಾನಿನ ಕುರೊಸಾವನ ಸಮುರಾಯಿ ಚಿತ್ರಗಳ ನೆರಳಿದೆ. ಆ ಪಾತ್ರಕ್ಕಾಗಿ ಶಂಕರ್ ನಾಗರಿಗೆ 1979ರ ಭಾರತದ ಅಂತರರಾಷ್ಟ್ರೀಯ ಚಲಚ್ಚಿತ್ರೋತ್ಸವದಲ್ಲಿ ಶ್ರೇಷ್ಠ ನಟನೆಂದು ಬೆಳ್ಳಿ ನವಿಲು ಸಂದಿತು. ಅಂದರೆ ನಾವು ಮೆಚ್ಚಿದ ಮೊದಲ ಪಾತ್ರವೇ ಕಾದಾಡುವವನದು. ಸುಂದರಕೃಷ್ಣ ಅರಸರ ಪೆರ್ಮಾಡಿಯ ಎದುರು ಅವನನ್ನು ಮತ್ತೊಮ್ಮೆ ನೋಡಿ. ಅರಸರದು ಬಂಡೆಯ ನಿಲುವು. ಇವನದು ನಿಂತಲ್ಲಿ ನಿಲ್ಲದ ಕಾಲು. ಈ ಕಾಲೇ ಮುಂದೆ ‘ಸೀತಾರಾಮು’ವಿಗೆ, ‘ಆಟೋ ರಾಜ’ನಿಗೆ, ‘ಸಾಂಗ್ಲಿಯಾನ’ನಿಗೆ ನಡೆದು ಹೋಯಿತು.

ಒಪ್ಪಬೇಕಾದುದನ್ನು ಮೊದಲೇ ಒಪ್ಪಿಬಿಡುವುದು ಲೇಸು. ವಿದ್ಯೆಯೆಂದು ನೋಡಿದರೆ ಶಂಕರ್ ನಾಗರ ಕರಾಟೆ ದೊಡ್ಡದಲ್ಲ. 1973ರಲ್ಲಿ ‘ಎಂಟರ್ ದಿ ಡ್ರಾಗನ್’ ಬಂದ ಮೇಲೆ ಬ್ರೂಸ್ ಲೀಯ ಗಾಳಿ ನಮ್ಮ ಊರುಗಳಿಗೂ ಬೀಸಿತು. ಕುಸ್ತಿಯ ಗರಡಿಗೆ ಹೆಸರಾದ ದಾವಣಗೆರೆಯಲ್ಲೂ ಹುಡುಗರು ಮಟ್ಟಿಯ ಮಣ್ಣು ಬಿಟ್ಟು ಗಾಳಿಯಲ್ಲಿ ಕಾಲು ಬೀಸತೊಡಗಿದರು. ಬ್ರೂಸ್ ಲೀ ಬಾಲ್ಯದಿಂದಲೂ ಚಿತ್ರಗಳಲ್ಲಿ ಕಾಣಿಸಿಕೊಂಡವನಾದರೂ ಮೊದಲಿಗೆ ಕಾದಾಳು. ಇಪ್ ಮ್ಯಾನ್ ಎಂಬ ಗುರುವಿನಲ್ಲಿ ಕಲಿತು, ತನ್ನದೇ ಪದ್ಧತಿಯೊಂದನ್ನು ಕಟ್ಟಿದವನು. ಅವನ ಒಂದು ಏಟಿನಲ್ಲಿ ಒಂದು ತೂಕ ಹೆಚ್ಚಿಲ್ಲ, ಒಂದು ತೂಕ ಕಡಮೆಯಿಲ್ಲ. ಶಂಕರ್ ನಾಗರದು ತಿರುವುಮುರುವು: ಅವರು ನಟರು, ಪಾತ್ರಕ್ಕಾಗಿ ಕಾದಾಳಾದವರು. ಕಾಲೆತ್ತಿದಾಗ ಅಳತೆ ತಪ್ಪುತ್ತದೆ. ಒದೆತ ಮುಗಿಯುವ ಮೊದಲೇ ಮೈ ಮುಂದಿನ ಕೆಲಸಕ್ಕೆ ಹೊರಟಿರುತ್ತದೆ. ಕರಾಟೆಯ ಮೇಷ್ಟರು ಅಂಕ ಕೊಡಲಾರರು.

ಆದರೆ ಸಭೆ ಶಿಳ್ಳೆ ಹಾಕಿದ್ದು ಅಳತೆಗಲ್ಲ. ನಮ್ಮ ಲಾಕ್ಷಣಿಕರು ವೀರಕ್ಕೂ ರೌದ್ರಕ್ಕೂ ನಡುವೆ ಗೆರೆ ಎಳೆದಿದ್ದಾರೆ. ಎರಡರಲ್ಲೂ ಹೊಡೆದಾಟ ಉಂಟು, ರಕ್ತವೂ ಉಂಟು. ರೌದ್ರಕ್ಕೆ ಸ್ಥಾಯಿ ಕ್ರೋಧ; ವೀರಕ್ಕೆ ಸ್ಥಾಯಿ ಉತ್ಸಾಹ. ರನ್ನನ ಭೀಮ ಕ್ರೋಧದಿಂದ ಕಾದುತ್ತಾನೆ. ಕುಮಾರವ್ಯಾಸನ ಅಭಿಮನ್ಯು ಪದ್ಮವ್ಯೂಹದೊಳಕ್ಕೆ ನುಗ್ಗುವುದು ಕ್ರೋಧದಿಂದಲ್ಲ, ಇಂಥ ಕೆಲಸ ತನ್ನ ಪಾಲಿಗೆ ಬಂತಲ್ಲ ಎಂಬ ಹಿಗ್ಗಿನಿಂದ. ಶಂಕರ್ ನಾಗ್ ತೆರೆಯ ಮೇಲೆ ಬಂದ ದಶಕದಲ್ಲಿ ಭಾರತದ ಚಲಚ್ಚಿತ್ರವನ್ನು ಆಳಿದ್ದು ರೌದ್ರ. 1973ರ ‘ಜಂಜೀರ್’, 1975ರ ‘ದೀವಾರ್’ ಚಿತ್ರಗಳ ಅಮಿತಾಭ್ ಬಚ್ಚನ್ ಒಳಗೊಳಗೇ ಬೇಯುವ ಮನುಷ್ಯ. ಅವರ ಏಟಿನ ಹಿಂದೆ ಹಳೆಯ ಗಾಯವೊಂದಿದೆ. ಶಂಕರ್ ನಾಗರ ಕಥೆಗಳಲ್ಲೂ ಗಾಯಗಳಿಗೆ ಬರವಿಲ್ಲ: ಸತ್ತ ತಂದೆ, ಕೆಟ್ಟ ಶ್ರೀಮಂತ, ಸೇಡು, ಎಲ್ಲವೂ ಲೆಕ್ಕಕ್ಕೆ ಸರಿಯಾಗಿವೆ. ಹೊಡೆದಾಟ ಶುರುವಾದೊಡನೆ ಅವರ ಮೈ ಆ ಕಥೆಯನ್ನು ಮರೆತುಬಿಡುತ್ತದೆ. ಕಣ್ಣಲ್ಲಿ ಹಗೆಯಿಲ್ಲ, ಆಟಕ್ಕೆ ಕರೆ ಬಂದ ಹುಡುಗನ ಆತುರವಿದೆ. ಕೂಲಿ ಮುಗಿಸಿ ಬಂದು ಬೆಂಚಿನ ಮೇಲೆ ಕುಳಿತವನಿಗೆ ದಿನವಿಡೀ ದುಡಿದ ಮೈಯೂ ಹೀಗೆ ಹಗುರಾಗಬಲ್ಲದೆಂಬುದು ಅಲ್ಲಿ ಕಂಡಿತು. ದಾವಣಗೆರೆಯ ಹತ್ತಿಗಿರಣಿಗಳ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯ ಜನ ಮೆಚ್ಚಿದ್ದು ಈ ಹಗುರತನವನ್ನೇ ಎಂದು ನನ್ನ ಎಣಿಕೆ. ಆ ಗಿರಣಿಗಳೂ ಆ ಲೇತ್ ಕಾರ್ಖಾನೆಯೂ ಆಮೇಲೆ ಮುಚ್ಚಿಹೋದವು.

ಇದೇ ಉತ್ಸಾಹ ತೆರೆಯ ಹೊರಗೂ ಇತ್ತಲ್ಲ! ಸಂಕೇತ್ ನಾಟಕ ತಂಡ, ಅದೇ ಹೆಸರಿನ ಧ್ವನಿಮುದ್ರಣ ಸ್ಟುಡಿಯೋ, ಆಗುಂಬೆಯನ್ನೇ ಮಾಲ್ಗುಡಿಯನ್ನಾಗಿಸಿದ ದೂರದರ್ಶನ ಧಾರಾವಾಹಿ, ಬೆಂಗಳೂರಿಗೆ ಮೆಟ್ರೋ ರೈಲು ಬೇಕೆಂಬ ಹಟ. ಆ ರೈಲು ಓಡಿದ್ದು 2011ರಲ್ಲಿ. ಹನ್ನೆರಡು ವರ್ಷಗಳಲ್ಲಿ ಸುಮಾರು 80 ಚಿತ್ರಗಳಲ್ಲಿ ನಟಿಸುತ್ತಲೇ ಇದೆಲ್ಲಕ್ಕೂ ಕೈಹಾಕಿದ ಮನುಷ್ಯನ ಅವಸರ, ಒಂದು ಒದೆತ ಮುಗಿಯುವ ಮೊದಲೇ ಇನ್ನೊಂದಕ್ಕೆ ಹೊರಡುವ ಆ ಕಾಲಿನ ಅವಸರವೇ. ಕಲಾವಿದ ಬೇರೆ, ಕರಾಟೆಯವ ಬೇರೆ ಎಂದು ಯಾವ ಗರಗಸದಿಂದ ಕೊಯ್ಯುವುದು? ಹರಿಹರದಲ್ಲಿ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹೊಯ್ಸಳ ಗುಡಿಯಿದೆ. ಒಳಗಿನ ಮೂರ್ತಿಯ ಬಲಭಾಗ ಹರ, ಎಡಭಾಗ ಹರಿ. ಆಯುಧ ಬೇರೆ, ಅಲಂಕಾರ ಬೇರೆ. ನಿಲುವು ಮಾತ್ರ ಒಂದೇ.

ಹೀಗೆಂದು ಆ ಚಿತ್ರಗಳನ್ನೆಲ್ಲ ಎತ್ತಿ ಹಿಡಿಯುವ ಉದ್ದೇಶ ನನಗಿಲ್ಲ. ಹಲವು ಕೇವಲ ಸರಕು. ಕಥೆ ಹೊಲಿಯುವವರಿಗೆ ಈ ನಟನ ಉತ್ಸಾಹ ಬಿಟ್ಟಿ ಸಿಕ್ಕ ವಿದ್ಯುತ್ತಿನಂತಾಯಿತು. ತಂತಿ ಎಳೆದು ಯಾವ ಹಳೆಯ ಯಂತ್ರಕ್ಕೆ ಬೇಕಾದರೂ ಜೋಡಿಸಿಕೊಂಡರು. ಖಳನ ಗೋದಾಮು, ಖಾಲಿ ಪೀಪಾಯಿ, ಕಟ್ಟಿಹಾಕಿದ ತಾಯಿ! ನಮ್ಮ ದೂರು ಇಲ್ಲಿ ಇರಬೇಕಿತ್ತು, ಕರಾಟೆಯ ಮೇಲಲ್ಲ. ತಾವೇ ನಿರ್ದೇಶಿಸಿದಾಗ ಶಂಕರ್ ನಾಗ್ ಹೊಡೆದಾಟವನ್ನು ನೆಚ್ಚಿ ಕೂರಲಿಲ್ಲವೆಂಬುದೂ ಗಮನಿಸತಕ್ಕದ್ದು. 1981ರ ‘ಗೀತಾ’ ಪ್ರೇಮಕಥೆ. 1985ರ ‘ಆಕ್ಸಿಡೆಂಟ್’ನಲ್ಲಿ ಅವರು ಪತ್ರಕರ್ತ, ಪಾದಚಾರಿ ದಾರಿಯಲ್ಲಿ ಮಲಗಿದ ಬಡವರ ಮೇಲೆ ಕಾರು ಹರಿಸಿದ ರಾಜಕಾರಣಿಯ ಮಗನ ಬೆನ್ನು ಹತ್ತುತ್ತಾರೆ. ಅಲ್ಲಿ ಎದುರಾಳಿ ಅಧಿಕಾರ. ಅದಕ್ಕೆ ದವಡೆಯಿಲ್ಲ, ಗುದ್ದು ನಾಟುವುದಿಲ್ಲ. ಬರಿಗೈಯ ಎಲ್ಲೆ ಎಲ್ಲಿದೆಯೆಂದು ಕರಾಟೆ ಕಿಂಗನಿಗೇ ಗೊತ್ತಿತ್ತು. ನನ್ನ ಮಟ್ಟಿಗೆ ಅದೇ ಅವರ ಅತ್ಯುತ್ತಮ ಚಿತ್ರ.

ಆ ಚಿತ್ರದ ಹೆಸರನ್ನೂ ಅವರ ಕೊನೆಯನ್ನೂ ಜೋಡಿಸಿ ವಿಧಿಯ ವ್ಯಂಗ್ಯವೆನ್ನುವುದು ಅಗ್ಗದ ಮಾತು, ನಾನು ಆಡಲಾರೆ. 1990ರ ಸೆಪ್ಟೆಂಬರ್ 30, ಭಾನುವಾರ. ‘ಜೋಕುಮಾರಸ್ವಾಮಿ’ ಚಿತ್ರಕ್ಕಾಗಿ ಬೆಂಗಳೂರಿನಿಂದ ಲೋಕಾಪುರಕ್ಕೆ ಹೊರಟಿದ್ದರು. ದಾವಣಗೆರೆ ಇನ್ನೇನು ಬಂತು ಎನ್ನುವಲ್ಲಿ, ಆನಗೋಡಿನ ಬಳಿ, ಹೆದ್ದಾರಿಯಲ್ಲಿ ಕಾರಿಗೆ ಅಪಘಾತವಾಯಿತು. ವಯಸ್ಸು 35. ಮುಂದೆ ಇದ್ದದ್ದು ನಮ್ಮೂರು, ಆಮೇಲೆ ಹರಿಹರ, ತುಂಗಭದ್ರೆಯ ಸೇತುವೆ. ನಾನು ದಿನವೂ ಬಸ್ಸಿನಲ್ಲಿ ತೂಕಡಿಸುತ್ತ ಹೋಗುವ ದಾರಿ.

ಆಗ ನಾನು ಪ್ರಾಥಮಿಕ ಶಾಲೆಯ ಹುಡುಗ. ದಸರೆಯ ರಜೆ. ಸುದ್ದಿ ಬಂದಾಗ ಓಣಿಯ ದೊಡ್ಡವರು ಸೈಕಲ್ ಹತ್ತಿ ಆನಗೋಡಿನ ಕಡೆಗೆ ಹೋದರು, ಚಿಕ್ಕವರನ್ನು ಕರೆದೊಯ್ಯಲಿಲ್ಲ. ಮರುದಿನ ಬಯಲಿನಲ್ಲಿ ನಾವೆಲ್ಲ ಎಂದಿನಂತೆ ‘ಸಾಂಗ್ಲಿಯಾನ’ ಆಟಕ್ಕೆ ಸೇರಿದೆವು. ಸಾಂಗ್ಲಿಯಾನ ನಾನು, ತಾನು ಎಂದು ದಿನವೂ ಜಗಳವಾಗುತ್ತಿತ್ತು. ಅಂದು ಆಗಲಿಲ್ಲ. ಯಾರೂ ಮುಂದೆ ಬರಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಗೋಲಿ ಆಡಲು ಹೋದೆವು.