ಕೈ ಬಿಡುವ ಗುರುಗಳು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹುಡುಗರಿಗೆ ಆಕಾಶದಿಂದ ಜಿಗಿಯುವ ಹಳೆಯ ದಾರಿ ಸೇನೆಯದು: ಬೆಂಗಳೂರಿನ ಪ್ಯಾರಾಚೂಟ್ ರೆಜಿಮೆಂಟ್ ಕೇಂದ್ರ, ಆಮೇಲೆ ಆಗ್ರಾ. ಅಲ್ಲಿನ ಮೂಲ ತರಬೇತಿಯಲ್ಲಿ ವಿಮಾನಕ್ಕೆ ಸಿಕ್ಕಿಸಿದ ಪಟ್ಟಿಯೇ ಪ್ಯಾರಾಚೂಟ್ ಬಿಚ್ಚುತ್ತದೆ.

ಹವ್ಯಾಸಿಗಳ ಎಎಫ್‌ಎಫ್ (ಆಕ್ಸಿಲರೇಟೆಡ್ ಫ್ರೀಫಾಲ್) ಕೋರ್ಸಿನಲ್ಲಿ ಬಿಚ್ಚುವವನು ಕಲಿಯುವವನೇ. ನನಗೆ ಹಿಡಿಸಿದ್ದು ಆ ಕಲಿಸುವ ಕ್ರಮ. ಮೊದಲ ಜಿಗಿತದಲ್ಲಿ ಇಬ್ಬರು ಗುರುಗಳು ಎರಡೂ ಕಡೆ ಹಿಡಿದಿರುತ್ತಾರೆ. ಮುಂದೆ ಒಬ್ಬರು, ಕಡೆಗೆ ಯಾರೂ ಇಲ್ಲ. ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿ ಬೀಳುತ್ತ ಸೊಂಟ ಮುಂದೆ ತಳ್ಳಿ ಮೈ ಬಿಲ್ಲಾಗಿಸಬೇಕು, ಕೈಗೆ ಕಟ್ಟಿದ ಎತ್ತರಮಾಪಕ ನೋಡಬೇಕು, ಸುಮಾರು 5,500 ಅಡಿಯಲ್ಲಿ ಹಿಡಿ ಎಳೆಯಬೇಕು. ಪ್ಯಾರಾಚೂಟ್ ಸರಿಯಾಗಿ ಅರಳದಿದ್ದರೆ? ಅದನ್ನು ಕಳಚಿ, ಬೆನ್ನಲ್ಲೇ ಇರುವ ಎರಡನೆಯದನ್ನು ತೆರೆಯಬೇಕು. ಈ ಪಾಠವನ್ನು ನೆಲದ ಮೇಲೆಯೇ, ಬೇಸರ ಬರುವಷ್ಟು ಸಲ, ಮಾಡಿಸುತ್ತಾರೆ. ಬೇಸರವೇ ಇಲ್ಲಿ ರಕ್ಷೆ!

ಇಳಿಯುವುದಂತೂ ಗಾಳಿಗೆ ಎದುರಾಗಿ. ಕಣದಲ್ಲಿ ಜೋಳ ತೂರುವ ನಮ್ಮ ರೈತನಂತೆ ಮೊದಲು ಗಾಳಿಯ ದಿಕ್ಕು ನೋಡಬೇಕು. ನೆಲ ಹತ್ತಿರವಾದಾಗ ದಿಕ್ಕು ತಿರುಗಿಸುವ ಎರಡೂ ಹಿಡಿಗಳನ್ನು ಒಟ್ಟಿಗೆ ಕೆಳಗೆಳೆದರೆ ವೇಗ ಕರಗಿ ಕಾಲೂರಬಹುದು.

ಧೈರ್ಯಶಾಲಿಗಳ ಆಟವೆನ್ನುತ್ತಾರೆ, ನನ್ನ ಪ್ರಕಾರ ಇದು ಶಿಸ್ತುಗಾರರ ಆಟ.