ಹೆಸರಿಲ್ಲದ ಮುಖ, ಮುಖವಿಲ್ಲದ ಹೆಸರು: ರಟ್ಟಿನ ಭಾವಚಿತ್ರಗಳ ಜಾನಪದೀಯ ವಿವೇಚನೆ

ಹತ್ತೊಂಬತ್ತನೆಯ ಶತಮಾನದ ಛಾಯಾಚಿತ್ರಗಳಲ್ಲಿ 'ಕಾರ್ತ್ ದ ವಿಸಿತ್' ಎಂಬ ಅಂಗೈಯಗಲದ ಭಾವಚಿತ್ರಕ್ಕೆ ವಿಶಿಷ್ಟ ಸ್ಥಾನವಿದೆ. 1854ರಲ್ಲಿ ಪ್ಯಾರಿಸಿನ ಡಿಸ್ಡೇರಿ ಇದಕ್ಕೆ ಪೇಟೆಂಟ್ ಪಡೆದನು. ಒಂದೇ ಗಾಜಿನ ಫಲಕದಲ್ಲಿ ಹಲವು ಬಿಂಬಗಳನ್ನು ಮೂಡಿಸಿ, ಮೊಟ್ಟೆಯ ಬಿಳಿಯ ಲೇಪವುಳ್ಳ ಕಾಗದದ ಮೇಲೆ ಮುದ್ರಿಸಿ, ಕತ್ತರಿಸಿ, ಸುಮಾರು 64 ಮಿ.ಮೀ. ಅಗಲ, 100 ಮಿ.ಮೀ. ಎತ್ತರದ ರಟ್ಟಿಗೆ ಅಂಟಿಸುವ ಈ ವಿಧಾನ ಭಾವಚಿತ್ರದ ಬೆಲೆಯನ್ನು ಇಳಿಸಿತು. ಅದೇ 1854ರಲ್ಲಿ ಮುಂಬಯಿಯಲ್ಲಿ ಛಾಯಾಗ್ರಹಣ ಸಂಘ ಹುಟ್ಟಿತು. ಮುಂದೆ ಹರಿಶ್ಚಂದ್ರ ಚಿಂತಾಮಣಿಯಂತಹ ದೇಶೀಯ ಛಾಯಾಗ್ರಾಹಕರೂ ಅಲ್ಲಿ ನೆಲೆಗೊಂಡರು. ನವಲಗುಂದವನ್ನೊಳಗೊಂಡ ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತದ ಭಾಗವಾಗಿತ್ತು.

ಈ ಚಿತ್ರಗಳು ಎರಡು ದಾರಿ ಹಿಡಿದವು. ಹಣ ಕೊಟ್ಟು ಕುಳಿತವರ ಚಿತ್ರ ಬಂಧುಮಿತ್ರರ ಆಲ್ಬಂ ಸೇರಿತು; ಆ ಮುಖಕ್ಕೆ ಹೆಸರಿತ್ತು. ಮಾರಾಟಕ್ಕೆಂದೇ ತೆಗೆದ ಕುಲಕಸುಬುಗಳ 'ಮಾದರಿ' ಚಿತ್ರಗಳಲ್ಲಾದರೋ ಅಡಿಬರಹವು ಜಾತಿಯನ್ನೋ ವೃತ್ತಿಯನ್ನೋ ಹೇಳಿ ಸುಮ್ಮನಾಗುತ್ತದೆ. 1868ರಿಂದ 1875ರವರೆಗೆ 8 ಸಂಪುಟಗಳಲ್ಲಿ ಹೊರಬಂದ 'ದಿ ಪೀಪಲ್ ಆಫ್ ಇಂಡಿಯಾ' ಗ್ರಂಥಮಾಲೆಯ ಬಹುಪಾಲು ಚಿತ್ರಗಳ ಹಿಂದಿರುವುದೂ ಇದೇ ದೃಷ್ಟಿ. ಅಲ್ಲಿ ವ್ಯಕ್ತಿ ಕೇವಲ ಉದಾಹರಣೆ.

ಜನಪದ ಸ್ಮರಣೆಯ ಕ್ರಮ ಇದಕ್ಕೆ ತದ್ವಿರುದ್ಧವಾದುದು. ಶಾಸನವುಳ್ಳ ವೀರಗಲ್ಲು ಮಡಿದವನ ಹೆಸರನ್ನೂ ಕಾದಿದ ಕಾರಣವನ್ನೂ ಉಳಿಸುತ್ತದೆ. ಕೆತ್ತಿದ ಮುಖ ಮಾತ್ರ ಎಲ್ಲ ವೀರರಿಗೂ ಸಲ್ಲುವಂಥದು. 1881ರಲ್ಲಿ ದೇಹವಿಟ್ಟ ನವಲಗುಂದದ ನಾಗಲಿಂಗಸ್ವಾಮಿಗಳು ಬಾಳಿದ್ದು ಈ ರಟ್ಟಿನ ಚಿತ್ರಗಳ ಭರಾಟೆಯ ಕಾಲದಲ್ಲಿಯೇ. ಆದರೆ ಅವರ ನೆನಪನ್ನು ಜನರ ನಡುವೆ ಹೊತ್ತು ತಂದವು ಗದ್ದುಗೆ ಮತ್ತು ಪವಾಡದ ಕಥೆಗಳು. ಆದ್ದರಿಂದ ವ್ಯಕ್ತಿಸ್ಮರಣೆ ಛಾಯಾಚಿತ್ರದೊಂದಿಗೇ ಗ್ರಾಮಸಮಾಜಕ್ಕೆ ಬಂದಿತೆಂಬ ಗ್ರಹಿಕೆ ನಿಲ್ಲುವುದಿಲ್ಲ. ಕ್ಯಾಮರಾ ತಂದದ್ದು ಸ್ಮರಣೆಯನ್ನಲ್ಲ, ಒಬ್ಬನಿಗೇ ಸಲ್ಲುವ ಮುಖವನ್ನು. ಅದನ್ನು ತಂದ ಕೈಯೇ ಹಲವರ ಹೆಸರನ್ನು ಅಳಿಸಿತು.

ಜಾನಪದ ಅಧ್ಯಯನವು ಇಂತಹ 'ಮಾದರಿ' ಚಿತ್ರಗಳನ್ನು ಉಡುಗೆ-ತೊಡುಗೆ, ಆಭರಣ, ಕಸುಬುಗಳ ನೇರ ಸಾಕ್ಷ್ಯವೆಂದು ಬಳಸುವುದುಂಟು. ಕುರ್ಚಿ, ಪರದೆ, ಕೈಗಿತ್ತ ಸಲಕರಣೆ, ಬೆಳಕು ಫಲಕಕ್ಕೆ ತಾಗುವವರೆಗೆ ಅಲುಗದೆ ನಿಂತ ದೇಹ ಇವೆಲ್ಲ ಛಾಯಾಗ್ರಾಹಕನ ಏರ್ಪಾಡು ಎಂಬುದನ್ನು ಮರೆತರೆ ಅಂತಹ ಸಾಕ್ಷ್ಯ ದಾರಿ ತಪ್ಪಿಸುತ್ತದೆ. ರಟ್ಟಿನ ಹಿಂಬದಿಯ ಚಿತ್ರಶಾಲೆಯ ಮುದ್ರೆ, ವಿಳಾಸ, ಕೈಬರಹಗಳನ್ನು ಮುಂಬದಿಯಷ್ಟೇ ಎಚ್ಚರದಿಂದ ಓದಬೇಕು. ಮನೆಗಳಲ್ಲಿ ಉಳಿದಿರುವ ಹಳೆಯ ಚಿತ್ರಗಳ ಕುರಿತು ಹಿರಿಯರು ಹೇಳುವ ಹೆಸರು, ಸಂಬಂಧ, ಕಥೆಗಳನ್ನು ದಾಖಲಿಸಬೇಕು. ಹಾಗಿಲ್ಲದೆ ಹಳೆಯ ಅಡಿಬರಹವನ್ನೇ ಮರುಮುದ್ರಿಸಿದರೆ ಕ್ಯಾಮರಾದ ಮುಂದೆ ಒಮ್ಮೆ ಹೆಸರು ಕಳೆದುಕೊಂಡವರು ಗ್ರಂಥದೊಳಗೂ ಅದನ್ನು ಕಳೆದುಕೊಳ್ಳುತ್ತಾರೆ.