ನೀರಿಗೆ ದಾರಿ ಬಿಡಿ

ಅಮೆರಿಕದ ವಾಯವ್ಯ ಕರಾವಳಿಯಲ್ಲಿ ಟ್ರೇಲರ್ ಕಟ್ಟಿಕೊಂಡು ಹೊರಡಲು ನವೆಂಬರ್ ಒಳ್ಳೆಯ ತಿಂಗಳು ಎಂದರೆ ಸಿಯಾಟಲ್‌ನ ಕನ್ನಡ ಬಳಗದ ಅನೇಕರು ನಗುತ್ತಾರೆ. ನಗಲಿ. ಜುಲೈನಲ್ಲಿ ಹರಸಾಹಸ ಪಟ್ಟರೂ ಸಿಗದ ಜಾಗ ಆಗ ಸಲೀಸಾಗಿ ಸಿಗುತ್ತದೆ. ಕೊಲಂಬಿಯಾ ನದಿ ಪೆಸಿಫಿಕ್ ಸೇರುವ ಕೇಪ್ ಡಿಸಪಾಯಿಂಟ್‌ಮೆಂಟ್ ಸ್ಟೇಟ್ ಪಾರ್ಕಿನಲ್ಲಿ ಸಮುದ್ರ ತನ್ನ ನಿಜವಾದ ಮುಖ ತೋರಿಸುವುದೂ ಆಗಲೇ. ಆದರೆ ಈ ಸುಖಕ್ಕೆ ಒಂದು ಷರತ್ತಿದೆ: ಮಳೆಯಲ್ಲಿ ಕರೆಂಟ್ ಜೊತೆ ಬಾಳುವುದು ಗೊತ್ತಿರಬೇಕು.

ಉತ್ತರದ ಹೋ ಮಳೆಕಾಡಿನಲ್ಲಿ ವರ್ಷಕ್ಕೆ ಸುಮಾರು 3.5 ಮೀಟರ್ ಮಳೆ. ಅಲ್ಲಿನ ಕ್ಯಾಂಪ್‌ಗ್ರೌಂಡಿನಲ್ಲಿ ವಿದ್ಯುತ್ತೇ ಇಲ್ಲ, ಹಾಗಾಗಿ ತಲೆನೋವೂ ಇಲ್ಲ. ತೊಂದರೆಯೆಲ್ಲ ಕಡಲ ದಂಡೆಯ ಪಾರ್ಕುಗಳಲ್ಲಿ. ಅಲ್ಲಿ ನಿಮ್ಮ ಜಾಗದ ಪಕ್ಕದಲ್ಲೇ ಸೊಂಟದೆತ್ತರದ ಒಂದು ಪೆಟ್ಟಿಗೆ ನಿಂತಿರುತ್ತದೆ. ಅದರಲ್ಲಿ ಬ್ರೇಕರು, ಸಾಕೆಟ್ಟು, ಮೇಲೊಂದು ಮುಚ್ಚಳ. ಮಳೆ ಅಡ್ಡಡ್ಡ ಬೀಸುತ್ತದೆ, ಗಾಳಿಯಲ್ಲಿ ಉಪ್ಪಿರುತ್ತದೆ. ಶುದ್ಧ ನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯುವುದಿಲ್ಲ; ಉಪ್ಪೋ ಧೂಳೋ ಬೆರೆತರೆ ಸರಾಗವಾಗಿ ಹರಿಯುತ್ತದೆ.

ಮಳೆ ಬಂತೆಂದರೆ ಹೊಸಬರು ಮೊದಲು ಹುಡುಕುವುದು ಪ್ಲಾಸ್ಟಿಕ್ ಚೀಲ. ಪ್ಲಗ್ಗಿಗೆ ಚೀಲ ಸುತ್ತಿ, ಅದರ ಮೇಲೆ ಇನ್ಸುಲೇಷನ್ ಟೇಪ್ ಬಿಗಿದು, ನಿಶ್ಚಿಂತೆಯಿಂದ ಒಳಗೆ ಹೋಗಿ ಕಾಫಿಗೆ ಇಡುತ್ತಾರೆ. ಇದಕ್ಕಿಂತ ಏನೂ ಮಾಡದಿರುವುದೇ ವಾಸಿ. ರಾತ್ರಿ ಚಳಿಗೆ ಚೀಲದೊಳಗಿನ ಗಾಳಿಯ ತೇವ ಹನಿಗಟ್ಟುತ್ತದೆ, ಕೇಬಲ್ ಗುಂಟ ಬಂದ ನೀರೂ ಅದಕ್ಕೆ ಸೇರುತ್ತದೆ. ಒಳಹೊಕ್ಕ ನೀರಿಗೆ ಹೊರಬರಲು ದಾರಿಯಿಲ್ಲ. ಬಯಲಲ್ಲಿ ನೀರನ್ನು ಪೂರ್ತಿ ತಡೆಯುತ್ತೇನೆ ಎನ್ನುವುದು ಭ್ರಮೆ. ಬಂದ ನೀರು ತಾನಾಗಿ ಇಳಿದುಹೋಗುವಂತೆ ಮಾಡುವುದೇ ಈ ವಿದ್ಯೆಯ ಸಾರ.

ಮಲೆನಾಡಿನ ಮನೆಗಳ ಸರ್ವಿಸ್ ವೈರನ್ನು ಗಮನಿಸಿ. ಕಂಬದಿಂದ ಬಂದ ವೈರು ಗೋಡೆಯೊಳಗೆ ಹೋಗುವ ಮುನ್ನ ಒಮ್ಮೆ ಕೆಳಗೆ ಜೋತು, ಮತ್ತೆ ಮೇಲೇರುತ್ತದೆ. ನೀರು ಆ ತಗ್ಗಿನವರೆಗೆ ಬಂದು ಅಲ್ಲೇ ತೊಟ್ಟಿಕ್ಕುತ್ತದೆ. ಟ್ರೇಲರಿಗೂ ಇದೇ ಉಪಾಯ. ಗೋಡೆಯ ಪ್ಲಗ್ಗಿಗೆ ಕೇಬಲ್ ಕೆಳಗಿನಿಂದಲೇ ಏರಿ ಬರಬೇಕು. ಪ್ಲಗ್ಗಿಗಿಂತ ಅರ್ಧ ಅಡಿಯಾದರೂ ತಗ್ಗಿನಲ್ಲಿ ಒಂದು ಬಾಗು ಇರಬೇಕು. ಪೆಟ್ಟಿಗೆಯ ಕಡೆಯೂ ಹೀಗೆಯೇ. ಕಾಸು ಖರ್ಚಿಲ್ಲದ ಈ ಬಾಗು ಅಂಗಡಿಯ ಅರ್ಧದಷ್ಟು ಸಾಮಾನಿಗಿಂತ ಮೇಲು.

ಇನ್ನು ಕೇಬಲ್ ನಡುವಿನ ಜಾಯಿಂಟು. 50 ಆಂಪ್ ಸಾಕೆಟ್ಟಿಗೆ 30 ಆಂಪ್ ಟ್ರೇಲರ್ ಜೋಡಿಸುವ ಅಡಾಪ್ಟರು, ಉದ್ದ ಸಾಲದಾದಾಗ ಹಾಕುವ ಎಕ್ಸ್‌ಟೆನ್ಷನ್ನು, ಇವೆಲ್ಲ ಸಾಮಾನ್ಯವಾಗಿ ಹುಲ್ಲಿನ ಮೇಲೆ ಬಿದ್ದಿರುತ್ತವೆ. ಹುಲ್ಲಿನಡಿ ನೀರು ನಿಂತದ್ದು ಕಾಣುವುದಿಲ್ಲ. ಜಾಯಿಂಟನ್ನು ಪೆಟ್ಟಿಗೆಯ ಕಂಬಕ್ಕೆ ಪಟ್ಟಿಯಿಂದ ತೂಗುಹಾಕಿ. ಆಗದಿದ್ದರೆ ಮರದ ತುಂಡಿನ ಮೇಲಿಡಿ. ಎರಡು ಹೋಳಾಗಿ ಮುಚ್ಚಿಕೊಳ್ಳುವ, ರಬ್ಬರ್ ಸೀಲಿರುವ ಪ್ಲಾಸ್ಟಿಕ್ ಡಬ್ಬಿಗಳು ಸಿಗುತ್ತವೆ. ಒಳ್ಳೆಯವೇ, ಆದರೆ ಅವನ್ನೂ ನೆಲದಿಂದ ಮೇಲಿಟ್ಟರೆ ಮಾತ್ರ. ಕೊಳ್ಳುವಾಗ ಐಪಿ ಸಂಖ್ಯೆ ನೋಡಿ. ಐಪಿ 44 ಎಂದರೆ ನೀರಿನ ಎರಚಲು ತಡೆಯುತ್ತದೆ, ಅಷ್ಟೆ. ಐಪಿ 67 ಆದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುತ್ತದೆ.

ತೇವದ ಇನ್ನೊಂದು ಕೆಲಸ ನಿಧಾನದ್ದು. ಹಿತ್ತಾಳೆಯ ಪಿನ್ನಿಗೆ ಕಿಲುಬು ಹಿಡಿಯುತ್ತದೆ, ಹಿಡಿತ ಸಡಿಲವಾಗುತ್ತದೆ, ಆ ಜಾಗದಲ್ಲಿ ಪ್ರತಿರೋಧ ಏರುತ್ತದೆ. ಹೀಟರ್ ಹಾಕಿ 25 ಆಂಪ್ ಎಳೆಯುತ್ತಿದ್ದೀರಿ, ಪಿನ್ನಿನಲ್ಲಿ ಬರೀ 0.1 ಓಮ್ ಪ್ರತಿರೋಧ ಎಂದುಕೊಳ್ಳಿ. ಅಲ್ಲಿ 62 ವ್ಯಾಟಿಗೂ ಹೆಚ್ಚು ಶಾಖ ಹುಟ್ಟುತ್ತದೆ. ಹಳೆಯ ಕಾಲದ 60 ವ್ಯಾಟ್ ಬಲ್ಬನ್ನು ಪ್ಲಗ್ಗಿನೊಳಗೆ ಉರಿಸಿದಂತೆ. ಕಪ್ಪಾದ ಪಿನ್ನು, ಕರಗಿದ ಪ್ಲಾಸ್ಟಿಕ್ ಅದರ ಫಲ. ಆದ್ದರಿಂದ ಪಿನ್ನು ಹೊಳೆಯುವಂತೆ ಶುಚಿಯಾಗಿಡಿ, ಸುಟ್ಟಿದ್ದರೆ ಪ್ಲಗ್ ಬದಲಾಯಿಸಿ. ಸಿಲಿಕೋನ್ ಗ್ರೀಸಿನಲ್ಲಿ ವಿದ್ಯುತ್ ಹರಿಯದು. ಅದನ್ನು ಪಿನ್ನಿಗೆ ಮೆತ್ತುವುದಕ್ಕಿಂತ ರಬ್ಬರ್ ಸೀಲಿಗೆ ತೆಳ್ಳಗೆ ಸವರುವುದು ಸರಿ. ಟ್ರೇಲರ್ ಬದಿಯ ತಿರುಗಿಸಿ ಕೂರಿಸುವ ಪ್ಲಗ್ಗಿಗೆ ಮರೆಯುಳ್ಳ ಒಂದು ಉಂಗುರವಿರುತ್ತದೆ. ಅದನ್ನು ಪೂರ್ತಿ ಬಿಗಿದಾಗ ಮಾತ್ರ ಸೀಲು ಕೂರುತ್ತದೆ. ಕ್ಯಾಂಪಿನಲ್ಲಿ ಒಂದು ಸುತ್ತು ಹಾಕಿದರೆ ಸಡಿಲವಾಗಿಯೇ ಬಿಟ್ಟವು ಎಷ್ಟೋ ಕಾಣುತ್ತವೆ.

ರಕ್ಷಣೆಯ ವಿಷಯದಲ್ಲಿ ಯುರೋಪಿನವರು ಒಂದು ಹೆಜ್ಜೆ ಮುಂದೆ. ಬ್ರಿಟನ್ನಿನ ಕ್ಯಾರವಾನ್ ತಾಣಗಳಲ್ಲಿ ನೀಲಿ ಬಣ್ಣದ 16 ಆಂಪ್ ಸಾಕೆಟ್. ಅದರ ಹಿಂದೆ 30 ಮಿಲಿಆಂಪ್ ಸೋರಿದರೂ ಕರೆಂಟ್ ಕಡಿಯುವ ಆರ್‌ಸಿಡಿ. ಅಮೆರಿಕದ ಪೆಟ್ಟಿಗೆಯಲ್ಲಿ 20 ಆಂಪ್ ಸಾಕೆಟ್ಟಿಗೆ ಇದೇ ಕೆಲಸ ಮಾಡುವ ಜಿಎಫ್‌ಸಿಐ ಇರುತ್ತದೆ, ಅದು ಸುಮಾರು 5 ಮಿಲಿಆಂಪಿಗೇ ಬೀಳುತ್ತದೆ. ಆದರೆ ಟ್ರೇಲರುಗಳು ಬಳಸುವ 30 ಆಂಪ್ ಸಾಕೆಟ್ಟಿಗೆ ಹೆಚ್ಚಿನ ಕಡೆ ಮಾಮೂಲಿ ಬ್ರೇಕರ್ ಮಾತ್ರ. ಮನುಷ್ಯನ ಜೀವಕ್ಕೆ ಅಪಾಯ ತರುವ 30 ಮಿಲಿಆಂಪ್ ಆ ಬ್ರೇಕರಿನ ಮಿತಿಯ ಸಾವಿರದಲ್ಲೊಂದು ಪಾಲು. ಅದಕ್ಕೆ ಗೊತ್ತೂ ಆಗುವುದಿಲ್ಲ. ಟ್ರೇಲರಿನೊಳಗಿನ ಜಿಎಫ್‌ಸಿಐ ಹೊರಗಿನ ಕೇಬಲ್ಲನ್ನು ಕಾಯುವುದಿಲ್ಲ. ಮಳೆಯಲ್ಲಿ ಜಿಎಫ್‌ಸಿಐ ಪದೇ ಪದೇ ಬಿದ್ದರೆ ಬೈಯಬೇಡಿ. ಎಲ್ಲೋ ಸೋರಿಕೆಯಿದೆ ಎಂದು ಅದು ಹೇಳುತ್ತಿರಬಹುದು.

ಎಲ್ಲಕ್ಕಿಂತ ಭಯಪಡಬೇಕಾದದ್ದು ಅರ್ತ್ ಕಡಿದುಹೋಗುವುದಕ್ಕೆ. ಕಿಲುಬಿನಿಂದಲೋ ಮುರಿದ ಪಿನ್ನಿನಿಂದಲೋ ಅರ್ತ್ ತಪ್ಪಿ, ಒಳಗೆಲ್ಲೋ ಸೋರಿಕೆಯೂ ಇದ್ದರೆ, ಟ್ರೇಲರಿನ ಇಡೀ ಲೋಹದ ಮೈಗೇ ಕರೆಂಟ್ ಬರುತ್ತದೆ. ಒಳಗೆ ಕೂತವರಿಗೆ ತಿಳಿಯುವುದೇ ಇಲ್ಲ. ಒದ್ದೆ ನೆಲದಲ್ಲಿ ಕಾಲಿಟ್ಟು ಬಾಗಿಲ ಹಿಡಿ ಹಿಡಿದವರಿಗೆ ಶಾಕ್. ಮುಟ್ಟದೆಯೇ ಕರೆಂಟ್ ತೋರಿಸುವ, ಪೆನ್ನಿನಂಥ ಟೆಸ್ಟರ್ ಸಿಗುತ್ತದೆ. ಮೊದಲು ಕರೆಂಟಿರುವ ಸಾಕೆಟ್ಟಿನಲ್ಲಿ ಅದು ಕೆಲಸ ಮಾಡುತ್ತಿದೆಯೇ ನೋಡಿ, ಆಮೇಲೆ ನೆಲದ ಮೇಲೆ ನಿಂತು ಟ್ರೇಲರಿನ ಮೈ ಹತ್ತಿರ ಹಿಡಿಯಿರಿ. ಕೂಗಿದರೆ ಟ್ರೇಲರ್ ಮುಟ್ಟದೆ ಪೆಟ್ಟಿಗೆಯ ಬ್ರೇಕರ್ ಆರಿಸಿ. ‘ಸ್ವಲ್ಪ ಚುರುಗುಟ್ಟುತ್ತೆ, ಅಷ್ಟೇ’ ಎಂದು ಸುಮ್ಮನಿರುವ ವಿಷಯ ಇದಲ್ಲ.

ಕ್ರಮ ಸರಳ. ಬ್ರೇಕರ್ ಆರಿಸಿ, ಕೈ ಒರೆಸಿ, ಪ್ಲಗ್ ಪರೀಕ್ಷಿಸಿ, ಕೂರಿಸಿ, ಆಮೇಲೆ ಬ್ರೇಕರ್ ಹಾಕಿ. ಹೊರಡುವಾಗಲೂ ಮೊದಲು ಬ್ರೇಕರ್. ಪೆಟ್ಟಿಗೆಯ ಮುಚ್ಚಳ ಮುರಿದಿದ್ದರೆ, ಸಾಕೆಟ್ ಸುಟ್ಟಿದ್ದರೆ ಬೇರೆ ಜಾಗ ಕೇಳಿ. ಅದೂ ಸಿಗದಿದ್ದರೆ ಆ ರಾತ್ರಿ ಪ್ಲಗ್ ಹಾಕಲೇಬೇಡಿ. ಟ್ರೇಲರಿನ ದೀಪವೂ ಗ್ಯಾಸ್ ಹೀಟರಿನ ಫ್ಯಾನೂ 12 ವೋಲ್ಟ್ ಬ್ಯಾಟರಿಯಲ್ಲೇ ನಡೆಯುತ್ತವೆ, ಒಲೆಗೆ ಗ್ಯಾಸ್ ಇದೆ. ಚಾರ್ಜ್ ತುಂಬಿದ ಬ್ಯಾಟರಿಯಿದ್ದರೆ ಒಂದು ರಾತ್ರಿ ಕಳೆಯಲು ಅಷ್ಟು ಸಾಕು.